ಹೊಟ್ಟಿನ ಒಲೆಯೂ ನಮ್ಮಣ್ಣನ ನೆನಪುಗಳೂ

ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ, ನಮ್ಮ ಹಳೇ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮಣ್ಣನ ಉದ್ದನೆಯ ಪೋಸ್ಟು. 'ಬೆಳಕಿಂಡಿಯಿಂದ ಮೇಲೇಳುವ ಹೊಗೆ, ಹೊಟ್ಟಿನ ಒಲೆಯ ಕೆಂಪು, ಅವ್ವನ ಕೈಯ ಬಿಸಿ ರೊಟ್ಟಿ. ಆಹಾ, ಆ ದಿನಗಳು ಮತ್ತೆ ಬರಬಾರದೇ?' ಕೆಳಗೆ ಸಾಲು ಸಾಲಾಗಿ ಅಳುವ ಇಮೋಜಿ, ಕೈಮುಗಿಯುವ ಇಮೋಜಿ, ಹೃದಯ.

ನಾನು ಒಂದೇ ಪದ ಟೈಪ್ ಮಾಡಿದೆ.

'ಬರಬಾರದು.'

ಅಷ್ಟಕ್ಕೇ ಗ್ರೂಪಿಗೆ ಬೆಂಕಿ ಬಿತ್ತು. ಒಬ್ಬರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು, ಇನ್ನೊಬ್ಬರು 'ಮೇಡಂ, ಜೋಕಾ?' ಅಂದರು. ಮತ್ತೊಬ್ಬರು ನನ್ನ ಆರೋಗ್ಯಕ್ಕಾಗಿ ದೇವರ ಫೋಟೊ ಕಳಿಸಿದರು. ಹತ್ತು ನಿಮಿಷದಲ್ಲಿ ಅಣ್ಣನ ಫೋನು.

"ಸರೋಜಾ, ಏನಾಗೈತಿ ನಿನಗ? ಶುಗರ್ ಚೆಕ್ ಮಾಡಿಸ್ಕೊಂಡೀಯೇನು?"

ಹೆಂಗಸರಿಗೆ ಸಿಟ್ಟು ಬಂದರೆ ಮೊದಲು ಶುಗರ್ ಮೇಲೆ ಅನುಮಾನ. ಸಿಟ್ಟಿಗೆ ಬೇರೆ ಕಾರಣ ಇರಬಹುದು ಅಂತ ಯಾರಿಗಾದರೂ ಹೊಳೆಯುತ್ತದೆಯೇ?

ನಮ್ಮ ತವರಿನವರ ಪರಿಚಯ ನಿಮಗಿನ್ನೂ ಇಲ್ಲದಿದ್ದರೆ ಹೇಳಿಬಿಡುತ್ತೇನೆ. ನಾವು ಮೂವರು. ಹಿರಿಯಳು ಗೌರಕ್ಕ. ನಡುವಿನವನು ಈ ರುದ್ರಣ್ಣ, ಸಂಡೂರಿನ ಒಂದು ಗಣಿ ಕಂಪನಿಯಲ್ಲಿ ಆಫೀಸ್ ಕೆಲಸ ಮಾಡಿ ರಿಟೈರ್ ಆದವನು. ಕೊನೆಯವಳು ನಾನು, ಹೈಸ್ಕೂಲ್ ಮೇಡಂ ಆಗಿದ್ದವಳು. ಮೂವರೂ ಹುಟ್ಟಿ ಬೆಳೆದದ್ದು ಹೊಸಪೇಟೆಯ ಒಂದು ಓಣಿಯಲ್ಲಿ. ಡ್ಯಾಮು ಆಗ ತಾನೇ ಮುಗಿದ ಕಾಲ. ಊರಿನ ಸುತ್ತ ಎಲ್ಲಿ ನೋಡಿದರೂ ಗದ್ದೆ, ಕಬ್ಬು, ಬಾಳೆ. ಹಾಗಾಗಿ ಎಲ್ಲಿ ನೋಡಿದರೂ ರೈಸ್‌ಮಿಲ್ಲು. ಕಂಪ್ಲಿ ರಸ್ತೆಯ ಒಂದು ಮಿಲ್ಲಿನಲ್ಲಿ ನಮ್ಮಪ್ಪ ಗುಮಾಸ್ತ.

ಓಣಿ ಚೆನ್ನಾಗಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಕಾಲುವೆಯ ನೀರು ವರ್ಷವಿಡೀ ತಣ್ಣಗೆ ಹರಿಯುತ್ತಿತ್ತು. ಮಿಲ್ಲಿನಲ್ಲಿ ಭತ್ತ ಕುದಿಸಿದ ದಿನ ಇಡೀ ಓಣಿಗೆ ಅದರ ವಾಸನೆ. ಒಂದು ಮನೆಯಲ್ಲಿ ಜ್ವರ ಅಂದರೆ ನಾಲ್ಕು ಮನೆಯಿಂದ ಗಂಜಿ ಬರುತ್ತಿತ್ತು. ಬೇಸಿಗೆಯಲ್ಲಿ ಗಂಡಸರೆಲ್ಲ ಮಣ್ಣಿನ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಆಕಾಶ, ಗಾಳಿ, ಪಕ್ಕದ ಮಾಳಿಗೆಯವರ ಜೊತೆ ಹರಟೆ. ಅಣ್ಣನ ಪೋಸ್ಟುಗಳಲ್ಲಿ ಅರ್ಧಕ್ಕರ್ಧ ಆ ಮಾಳಿಗೆಯೇ.

ಆದರೆ ಆ ಮಾಳಿಗೆಯ ಕೆಳಗೆ ಏನಿತ್ತು? ಅಡುಗೆಮನೆ ಇತ್ತು. ಒಂದು ಬೆಳಕಿಂಡಿ, ಅಂದರೆ ಮಾಳಿಗೆಯಲ್ಲಿ ಕೊರೆದ ಒಂದು ತೂತು. ಬೆಳಕು ಬರುವುದಕ್ಕೂ ಅದೇ, ಹೊಗೆ ಹೋಗುವುದಕ್ಕೂ ಅದೇ. (ಮಳೆ ಬಂದರೆ ಅದನ್ನೂ ಮುಚ್ಚುತ್ತಿದ್ದರು.) ಅದರಡಿ ಹೊಟ್ಟಿನ ಒಲೆ. ಮಿಲ್ಲಿನಿಂದ ಭತ್ತದ ಹೊಟ್ಟು ಮೂಟೆಗಟ್ಟಲೆ ಬಿಟ್ಟಿ ಬರುತ್ತಿದ್ದರಿಂದ ನಮ್ಮನೆಯಲ್ಲಿ ಕಟ್ಟಿಗೆ ಕೊಳ್ಳುವ ಮಾತೇ ಇರಲಿಲ್ಲ.

ಹೊಟ್ಟಿನ ಒಲೆ ನೋಡದವರಿಗಾಗಿ ಹೇಳುತ್ತೇನೆ. ಅದೊಂದು ತಗಡಿನ ಡಬ್ಬ, ಬುಡದಲ್ಲಿ ಒಂದು ತೂತು. ನಡುವೆ ಒಂದು ಗುಂಡನೆಯ ಕೋಲು ನಿಲ್ಲಿಸಬೇಕು. ಬುಡದ ತೂತಿನಿಂದ ಇನ್ನೊಂದು ಕೋಲು ತೂರಿಸಿ ಅದಕ್ಕೆ ತಾಗಿಸಬೇಕು. ಸುತ್ತ ಹೊಟ್ಟು ಸುರಿದು, ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಮೆಲ್ಲಗೆ ಎರಡೂ ಕೋಲು ಎಳೆದರೆ ಬೆಂಕಿಗೂ ಗಾಳಿಗೂ ದಾರಿ ಆಗುತ್ತದೆ. ಎಳೆಯುವಾಗ ಕುಸಿಯಿತೋ, ಮತ್ತೆ ಮೊದಲಿನಿಂದ. ಹೊಟ್ಟಿನ ಧೂಳು ಕುತ್ತಿಗೆಗೆ, ಕಂಕುಳಿಗೆ ಇಳಿದು ದಿನವಿಡೀ ತುರಿಕೆ. ಹಚ್ಚಿದಾಗ ಹೊಗೆ, ಗಾಳಿ ತಿರುಗಿದರೆ ಹೊಗೆ, ಆರಿಸಿದರೆ ಇನ್ನಷ್ಟು ಹೊಗೆ.

ಇದನ್ನೆಲ್ಲ ಮಾಡುತ್ತಿದ್ದವಳು ಗೌರಕ್ಕ. ಅವ್ವನ ಕೈರೊಟ್ಟಿ ಅಂತ ಅಣ್ಣ ಬರೆಯುತ್ತಾನಲ್ಲ, ಅದರಲ್ಲಿ ಬಹುಪಾಲು ಅಕ್ಕನ ಕೈಯದು. ಅವ್ವ ಕೆಮ್ಮಿ ಕೆಮ್ಮಿ ಒಲೆಯ ಮುಂದೆ ಕೂರಲಾಗದ ಹೊತ್ತಿಗೆ ಅಕ್ಕ ಏಳನೇ ಕ್ಲಾಸು. ಶಾಲೆ ಬಿಡಿಸಿದರು. ಆಮೇಲೆ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದರು. ಅವರ ಮನೆ ಅದೇ ಓಣಿಯ ತುದಿಯಲ್ಲಿ. ಅಲ್ಲಿಯೂ ಅದೇ ಮಿಲ್ಲಿನ ಹೊಟ್ಟು, ಅಂಥದ್ದೇ ಒಲೆ.

ಅಣ್ಣ ಕಾಲುವೆಗೆ ಹಾರುತ್ತಿದ್ದ. ಅಕ್ಕ ಅದೇ ಕಾಲುವೆಯಲ್ಲಿ ಅವನ ಚಡ್ಡಿ ಒಗೆಯುತ್ತಿದ್ದಳು. ಇಬ್ಬರಿಗೂ ಕಾಲುವೆಯ ನೆನಪಿದೆ. ಒಂದೇ ನೆನಪು ಅಂತೀರಾ?

ಈಗ ಅಕ್ಕನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ನಾಲ್ಕು ಮಾತಾಡಿದರೆ ಒಂದು ಸಲ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕು. ಸೊಂಟದಲ್ಲಿ ಎಲೆಅಡಿಕೆ ಚೀಲದ ಜೊತೆ ಇನ್‌ಹೇಲರ್. ಹೋದ ವರ್ಷ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಅಮ್ಮಾರೇ, ನೀವು ಮೈನ್ಸ್‌ನ್ಯಾಗ ಕೆಲ್ಸ ಮಾಡಿದ್ರೇನ್ರಿ?"

"ಇಲ್ರೀ ಸಾರ್. ಅಡಿಗಿ ಮನ್ಯಾಗ ಮಾಡೀನ್ರಿ," ಅಂದಳು ಅಕ್ಕ.

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟರು. ಇನ್ನು ಮೇಲೆ ಊದಿನಕಡ್ಡಿಯ ಹೊಗೆ ಕೂಡ ಹತ್ತಿರ ಬರಕೂಡದು ಅಂತ ನನಗೆ ಮಾತ್ರ ಕೇಳುವಂತೆ ಹೇಳಿದರು. ಗಣಿಯಲ್ಲಿದ್ದ ನಮ್ಮಣ್ಣನಿಗೆ ಕಂಪನಿಯವರು ಧೂಳಿಗೆ ಮಾಸ್ಕ್ ಕೊಡುತ್ತಿದ್ದರು. ಅವನು ಕೂರುತ್ತಿದ್ದದ್ದು ಕಿಟಕಿ ಮುಚ್ಚಿದ ಆಫೀಸಿನಲ್ಲಿ.

ಈ ಸಂಗತಿ ಅಣ್ಣನಿಗೆ ಗೊತ್ತಿಲ್ಲವೇ? ಗೊತ್ತು. ಎಕ್ಸ್‌ರೇ ಅವನೂ ನೋಡಿದ್ದ. ಅದಕ್ಕೇ ನನ್ನ ಸಿಟ್ಟು.

'ಬರಬಾರದು' ಅಂದ ನನಗೆ ಉತ್ತರ ಕೊಡಬೇಕು ಅನ್ನಿಸಿತೋ ಏನೋ, ಅಣ್ಣ ಗೆಟ್‌ಟುಗೆದರ್ ಏರ್ಪಡಿಸಿಬಿಟ್ಟ. ಕಮಲಾಪುರ ದಾಟಿ ಹಂಪಿ ದಾರಿಯಲ್ಲಿ ಬಾಳೆತೋಟದ ನಡುವಿನ ಒಂದು ರೆಸಾರ್ಟು. ಭಾನುವಾರ ಇಡೀ ದಿನ. ಹೆಸರು 'ನಮ್ಮ ಓಣಿ, ನಮ್ಮ ನೆನಪು'. ಫ್ಲೆಕ್ಸ್ ಬೇರೆ. ಓಣಿಯಲ್ಲಿ ಬೆಳೆದವರೆಲ್ಲ ಮಕ್ಕಳು ಮೊಮ್ಮಕ್ಕಳ ಸಮೇತ ಬಂದರು. ಬೆಳಿಗ್ಗೆ ವಗ್ಗರಣೆ ಮಂಡಕ್ಕಿ, ಮಿರ್ಚಿ. ಗೋಲಿ ಸೋಡಾ ಇತ್ತು. ಹೊರಸು ಹಾಕಿದ್ದರು, ಕಂದೀಲು ತೂಗಿಸಿದ್ದರು. ಹಗಲು ಹನ್ನೊಂದು ಗಂಟೆಗೆ ಕಂದೀಲು ಯಾಕೆ ಅಂತ ನಾನು ಕೇಳಲಿಲ್ಲ.

ಗಂಡಸರು ಒಬ್ಬೊಬ್ಬರಾಗಿ ಮೈಕ್ ಹಿಡಿದರು. ಕಾಲುವೆಗೆ ಹಾರಿದ್ದು, ಮಾಳಿಗೆಯಲ್ಲಿ ಮಲಗಿದ್ದು, ಮನೆಯಲ್ಲಿ ಹೇಳದೆ ಟಾಕೀಸಿಗೆ ಹೋಗಿದ್ದು. ಹೆಂಗಸರು ಒಂದು ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆವು. ನಮ್ಮ ಪಕ್ಕದ ಮನೆಯಲ್ಲಿದ್ದ ನೀಲಮ್ಮ ನನ್ನ ಕಿವಿಯಲ್ಲಿ, "ಇವರೆಲ್ಲ ಟಾಕೀಸಿಗೆ ಹೋದಾಗ ನಾವೆಲ್ಲಿದ್ವಿ ಸರೋಜವ್ವ?" ಅಂದರು. ನಾನು ಹೇಳಬೇಕೇ?

ಆಗ ಅಣ್ಣ, "ಈಗ ಒಂದು ಸರ್ಪ್ರೈಸ್ ಐತ್ರಿ!" ಅಂತ ಮೈಕಿನಲ್ಲಿ ಕೂಗಿದ.

ತಗಡಿನ ಶೆಡ್ಡಿನ ಕೆಳಗೆ ಮುಚ್ಚಿಟ್ಟಿದ್ದ ಬಟ್ಟೆ ಎಳೆದರು. ಹೊಟ್ಟಿನ ಒಲೆ! ವೆಲ್ಡಿಂಗ್ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದ್ದು. ಹೊಟ್ಟು ಮಾತ್ರ ಕಂಪ್ಲಿ ರಸ್ತೆಯ ಅದೇ ಮಿಲ್ಲಿನಿಂದ ತರಿಸಿದ್ದಂತೆ. ಚಪ್ಪಾಳೆಯೋ ಚಪ್ಪಾಳೆ. ಪಕ್ಕದಲ್ಲಿ ಒಂದು ಮಣೆ, ಹಂಚು, ಮರದ ಕೊಣಮಿಗೆಯಲ್ಲಿ ನಾದಿಟ್ಟ ಜೋಳದ ಹಿಟ್ಟು.

"ಒಲಿ ಹಚ್ಚಿ ಮೊದಲನೇ ರೊಟ್ಟಿ ಬಡಿಯೋದು ನಮ್ಮ ಗೌರಕ್ಕ! ಬಾರಕ್ಕ, ಬಾ!"

ನನ್ನ ಮೈ ಉರಿದುಹೋಯಿತು. ನಾನೆದ್ದು ನಿಂತೆ.

"ಅಕ್ಕಗ ಹೊಗಿ ಆಗಂಗಿಲ್ಲ ಅಂತ ನಿನಗ ಗೊತ್ತೈತೋ ಇಲ್ಲೋ?"

"ಐದು ನಿಮಿಷ ಸರೋಜಾ. ಒಂದು ಫೋಟೊ, ಒಂದು ರೊಟ್ಟಿ. ಉಳಿದ ರೊಟ್ಟಿ ಖಾನಾವಳಿಯಿಂದ ಬರ್ತಾವ."

"ಉಸಿರು ನಿಲ್ಲಾಕ ಐದು ನಿಮಿಷ ಬೇಕಾಗಂಗಿಲ್ಲ."

"ಎಲ್ಲದಕ್ಕೂ ಅಡ್ಡಗಾಲು ಹಾಕಬ್ಯಾಡ. ಜನ ನೋಡಾಕತ್ತಾರ."

ಜನ ನೋಡುತ್ತಿದ್ದರು. ಆದರೆ ನಮ್ಮ ಅಕ್ಕ ಎಂಥವಳು ಗೊತ್ತೇ? ಕುರ್ಚಿಯ ಕೈ ಹಿಡಿದು ಏಳುತ್ತಿದ್ದಳು!

"ಇರ್ಲಿ ಬಿಡ ಸರೋಜಾ. ತಮ್ಮ ಆಸಿ ಪಟ್ಟಾನ. ಒಂದು ಗಳಿಗಿ ಕುಂತ್ರ ಏನಾಕೈತಿ?"

ಇದನ್ನು ಕೇಳಿ ನನಗೆ ಅಣ್ಣನ ಮೇಲಿದ್ದದ್ದಕ್ಕಿಂತ ಹೆಚ್ಚು ಸಿಟ್ಟು ಅಕ್ಕನ ಮೇಲೆ ಬಂತು. ಜೀವಮಾನವೆಲ್ಲ ಇದೇ ಮಾತು. ತಮ್ಮನ ಆಸೆ, ಗಂಡನ ಆಸೆ, ಮಗನ ಆಸೆ. ನಾನು ಅವಳ ಭುಜ ಒತ್ತಿ ಕೂರಿಸಿದೆ. ಜೋರಾಗಿಯೇ ಒತ್ತಿದೆ.

"ರುದ್ರಣ್ಣ, ಹೊಟ್ಟಿನ ಒಲಿ ಬಗ್ಗೆ ಅಷ್ಟು ಚಂದ ಬರೀತಿ. ನೀನ ಹಚ್ಚು. ನಾವು ಕುಂತು ನೋಡ್ತೀವಿ," ಅಂದೆ.

ಹೆಂಗಸರ ಸಾಲಿನಿಂದ ಈ ಸಲ ಚಪ್ಪಾಳೆ. ಮೊದಲು ಹೊಡೆದವರು ನೀಲಮ್ಮ. ಮೈಕ್ ಕೈಯಲ್ಲಿರುವ ಗಂಡಸು ಹಿಂದೆ ಸರಿಯುವ ಹಾಗಿಲ್ಲವಲ್ಲ. ಅಣ್ಣ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

ಆಗ ನಾನು ಒಲೆಯನ್ನು ಸರಿಯಾಗಿ ನೋಡಿದೆ. ಹೊಟ್ಟನ್ನು ಡಬ್ಬದ ತುಂಬಾ, ಅಂಚಿನವರೆಗೆ, ಗುದ್ದಿ ತುಂಬಿದ್ದರು. ಎಷ್ಟು ಮುತುವರ್ಜಿಯಿಂದ! ಮೇಲೆ ಅಂಗೈಯಿಂದ ಸವರಿ ನುಣ್ಣಗೆ ಮಾಡಿದ್ದರು. ನಡುವೆ ತೂತೇ ಇರಲಿಲ್ಲ. ಕೋಲು ಇಡಬೇಕು, ಎಳೆಯಬೇಕು ಅನ್ನುವುದೇ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವರ್ಷಾನುಗಟ್ಟಲೆ ಆ ಒಲೆಯ ರೊಟ್ಟಿ ತಿಂದವರು ಇವರು.

ಸಾಲಿನಲ್ಲಿ ಕೂತಿದ್ದ ಅಷ್ಟೂ ಹೆಂಗಸರು ಅದನ್ನು ನೋಡಿದರು. ನೀಲಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಯಾರೂ ತುಟಿಪಿಟಕ್ ಅನ್ನಲಿಲ್ಲ. ಒಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ಇನ್ನೊಬ್ಬರು ಬಾಳೆಗೊನೆ ಎಣಿಸುವವರಂತೆ ತೋಟದ ಕಡೆ ತಿರುಗಿದರು. (ಹೇಳಬಹುದಿತ್ತಲ್ಲ ಅಂತೀರಾ? ಕೇಳಿದ್ದರೆ ಹೇಳುತ್ತಿದ್ದೆವು.) ನಾನು ಮಾತ್ರ ಅಕ್ಕನ ಕುರ್ಚಿಯನ್ನು ಅವಳ ಸಮೇತ ಗಾಳಿ ಬರುವ ಕಡೆಗೆ, ದೂರ ಎಳೆಸಿದೆ.

ಅಣ್ಣ ಕಡ್ಡಿ ಗೀರಿದ. ಹತ್ತಲಿಲ್ಲ. ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಈಗ? ಯಾರೋ ಬೈಕಿನಿಂದ ಪೆಟ್ರೋಲ್ ತರುತ್ತೇನೆ ಅಂದರು, ಪುಣ್ಯಕ್ಕೆ ಹೆಂಡತಿ ತಡೆದಳು. ಕೊನೆಗೆ ರೆಸಾರ್ಟಿನ ತಂದೂರಿ ಒಲೆಯಿಂದ ಕೆಂಡ ತಂದು ಮೇಲೆ ಸುರಿದು, ರಟ್ಟಿನಿಂದ ಗಾಳಿ ಹಾಕಿದರು. ಹೊಗೆ ಎದ್ದಿತು ನೋಡಿ! ಬೆಂಕಿ ಇಲ್ಲ, ಬರೀ ಹೊಗೆ. ಹಳದಿ, ದಟ್ಟ, ಗಂಟಲು ಕಚ್ಚುವ ಹೊಗೆ. ಶೆಡ್ಡಿನ ತಗಡಿಗೆ ಬಡಿದು ಕೆಳಗಿಳಿಯಿತು. ನೆನಪಿನ ಭಾಷಣ ಮಾಡಿದವರೆಲ್ಲ ಕೆಮ್ಮುತ್ತಾ, ಕಣ್ಣುಜ್ಜುತ್ತಾ ತೋಟದ ಕಡೆ ಓಡಿದರು. ಅಣ್ಣ ಎಲ್ಲರಿಗಿಂತ ಮುಂದೆ.

ನನಗೆ ನಗು ಬಂತೇ? ಬಂತು. ಆದರೆ ಅರ್ಧಕ್ಕೇ ನಿಂತಿತು. ಎರಡು ನಿಮಿಷಕ್ಕೆ ಇವರು ಓಡಿದರಲ್ಲ, ಆ ಹೊಗೆಯಲ್ಲೇ ನಮ್ಮವ್ವ ಕೂತಿದ್ದಳು, ನಮ್ಮಕ್ಕ ಕೂತಿದ್ದಳು. ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಅವರಿಗೆ ಓಡುವುದಕ್ಕೆ ಯಾವ ತೋಟ ಇತ್ತು? 'ಅಡಿಗಿ ಆತೇನು?' ಅಂತ ಹೊರಗಿನಿಂದ ಕೂಗುತ್ತಿದ್ದವರಲ್ಲಿ ಒಬ್ಬರಾದರೂ ಒಳಗೆ ಇಣುಕಿದ್ದರೇ?

ಅಷ್ಟು ದೂರ ಕೂರಿಸಿದ್ದರೂ ಅಕ್ಕನಿಗೆ ಕೆಮ್ಮು ಶುರುವಾಯಿತು. ಇನ್‌ಹೇಲರ್ ಕೊಟ್ಟೆ. ಬೆನ್ನು ಸವರುತ್ತಾ ನಿಂತೆ. ಅವಳ ಉಸಿರು ತಹಬಂದಿಗೆ ಬರುವ ಹೊತ್ತಿಗೆ ಊಟಕ್ಕೆ ಕರೆದರು. ರೊಟ್ಟಿ ಹೊಸಪೇಟೆಯ ಖಾನಾವಳಿಯಿಂದ ಬಂದಿತ್ತು. ಗ್ಯಾಸಿನ ಮೇಲೆ ಬೇಯಿಸಿದ್ದು. 'ಹಳೇ ರುಚಿ, ಹಳೇ ರುಚಿ' ಅಂತ ಎಲ್ಲರೂ ಎರಡೆರಡು ಹಾಕಿಸಿಕೊಂಡರು.

ಊಟ ಆದ ಮೇಲೆ ಅಣ್ಣನ ಮಗ ಕಿರಣ ಕ್ಯಾಮೆರಾ ಹಿಡಿದು ಬಂದ. ಹೊಸಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ವಿಡಿಯೊ ಚೆನ್ನಾಗಿ ಮಾಡುತ್ತಾನೆ. ಎಲ್ಲರಿಗೂ ಒಂದೇ ಪ್ರಶ್ನೆ: ಓಣಿಯ ಯಾವ ದಿನವನ್ನು ನೀವು ಮರೆಯೋದಿಲ್ಲ? ಗಂಡಸರು ಮತ್ತೆ ಕಾಲುವೆಗೆ ಹಾರಿದರು. ಸುತ್ತು ತಿರುಗಿ ಅಕ್ಕನ ಸರದಿ ಬಂತು.

"ದೊಡ್ಡತ್ತಿ, ನೀವು ಹೇಳ್ರಿ. ನಿಮಗ ಭಾಳ ಖುಷಿ ಆದ ದಿನ ಯಾವುದು?"

ಅಕ್ಕ ಸೆರಗು ಸರಿ ಮಾಡಿಕೊಂಡಳು. ಯೋಚನೆ ಮಾಡಲೇ ಇಲ್ಲ.

"ಗ್ಯಾಸ್ ಬಂದ ದಿನ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

"ಅದಲ್ಲಕ್ಕ, ಹಳೇದು ಏನರ ಹೇಳು. ಚೊಲೋದು," ಅಂದ ಅಣ್ಣ.

"ಚೊಲೋದ ಹೇಳೀನಿ, ರುದ್ರ." ಅಕ್ಕ ಒಮ್ಮೆ ನಿಲ್ಲಿಸಿ ಉಸಿರೆಳೆದುಕೊಂಡಳು. "ಅವತ್ತು ಸಿಲಿಂಡರ್ ಮುಂದ ಕುಂತು ಅತ್ತೀನಿ. ನಮ್ಮವ್ವ ಇದನ್ನ ನೋಡದ ಹೋದಳಲ್ಲ ಅಂತ. ಅದರ ಹಿಂದಿನ ಒಂದು ದಿನಾನೂ ನನಗ ತಿರುಗಿ ಬ್ಯಾಡ. ನಿನಗ ಬೇಕಂದ್ರ ನೀ ಹೋಗು."

ಅಣ್ಣ ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿದ. ನೀಲಮ್ಮ ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

ವಿಡಿಯೊ ಮೊನ್ನೆ ಬಂತು. ಹಿನ್ನೆಲೆಯಲ್ಲಿ ಕೊಳಲು ಹಾಕಿದ್ದಾರೆ. ಕಾಲುವೆ ಇದೆ, ಮಾಳಿಗೆ ಇದೆ, ಹೊಗೆಯೇಳದ ಹೊಸ ಒಲೆ ಇದೆ. ಒಲೆಯ ಪಕ್ಕ ಅಣ್ಣ ನಗುತ್ತಾ ನಿಂತಿದ್ದಾನೆ. ಅಕ್ಕನೂ ಒಂದು ಕ್ಷಣ ಇದ್ದಾಳೆ, ರೊಟ್ಟಿ ಮುರಿಯುತ್ತಾ ಕೂತಿದ್ದಾಳೆ. ಅವಳ ಮಾತು ಮಾತ್ರ ಇಲ್ಲ. ನಾನು ಕಿರಣನಿಗೆ ಫೋನ್ ಮಾಡಿದೆ.

"ಅದನ್ನ ತೆಗಿ ಅಂತ ಅಪ್ಪಾನೇ ಅಂದ್ರು ಅತ್ತಿ. ಮೂಡ್ ಕೆಡ್ತೈತಂತ," ಅಂದ.

ಅಕ್ಕನ ಮಾತು ಕತ್ತರಿಸಿ ಎಸೆದ ಮೇಲೆ ಉಳಿಯುವುದನ್ನು ನೆನಪು ಅಂತ ಕರೆಯಲು ನಿಮಗೆ ನಾಚಿಕೆಯಾಗುವುದಿಲ್ಲವೇ?