ಮಗಳ ಬಾಯಲ್ಲಿ ಅತ್ತೆಯ ನಗು

ತೀರಿಹೋಗಿ ಆರು ವರ್ಷವಾದ ನನ್ನ ಅತ್ತೆ ಈ ವಿಜಯದಶಮಿಯ ಬೆಳಿಗ್ಗೆ ನಮ್ಮ ಪುತ್ತೂರಿನ ಮನೆಯಲ್ಲಿ ನಕ್ಕರು. ನಕ್ಕದ್ದು ನನ್ನ ಮಗಳ ಬಾಯಲ್ಲಿ.

ಹೆದರಬೇಡಿ, ಮೊದಲಿನಿಂದ ಹೇಳುತ್ತೇನೆ.

ಹದಿನಾಲ್ಕರ ಮಗಳು ಶಾರದೆಗೆ ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದಿತ್ತು. ಅತ್ತೆಯದೇ ಪಡಿಯಚ್ಚು. ಶಾಲೆಯವರ ತಮಾಷೆಗೆ ಅಂಜಿ ಅವಳು ಬಾಯಿಗೆ ಕೈ ಅಡ್ಡ ಇಟ್ಟೇ ಮಾತಾಡುತ್ತಿದ್ದಳು. ಎರಡು ವರ್ಷ ಮಂಗಳೂರಿಗೆ ಬಸ್ಸಿನಲ್ಲಿ ಅಲೆದು, ತಂತಿ ಕಟ್ಟಿಸಿ, ಸಂದು ಮುಚ್ಚಿಸಿದೆವು.

ತಂತಿ ಬಿಚ್ಚಿದ ದಿನ ಡಾಕ್ಟರು, "ಹಲ್ಲಿಗೆ ಹಳೆ ಜಾಗದ ನೆನಪು ಉಂಟು. ಹಿಡಿದಿಡದಿದ್ರೆ ವಾಪಸ್ ಹೋಗ್ತದೆ" ಎಂದರು. ಹಿಡಿದಿಡಲು ಎರಡು ದಾರಿ: ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಪ್ಲೇಟು, ಇಲ್ಲವೇ ಹಲ್ಲಿನ ಹಿಂದೆ ಕೂರಿಸಿಯೇ ಬಿಡುವ ತಂತಿ.

"ಪ್ಲೇಟಾದ್ರೆ ತೊಳೀಲಿಕ್ಕೆ ಸುಲಭ. ಊಟಕ್ಕೆ ಮಾತ್ರ ತೆಗೀಬೇಕು. ಮರೀತೀಯಾ?"

ಶಾರದೆ ಇಲ್ಲವೆಂದಳು. ಪ್ಲೇಟು ಕೊಟ್ಟರು. (ನನ್ನನ್ನು ಕೇಳಲಿಲ್ಲ. ಕೇಳಬೇಕಿತ್ತು.)

ನವರಾತ್ರಿ ಬಂತು. ಬಾಯಿಗೆ ಹಾಕಿ ತೆಗೆಯುವ ವಸ್ತು ಎಂಜಲಲ್ಲವೇ? ಪೂಜೆಯ ಒಂಬತ್ತು ದಿನ ಎಂಜಲು ಒಳಗೆ ಬರಬಾರದು. ಅದು ಅತ್ತೆ ಹಾಕಿಕೊಟ್ಟ ಕಟ್ಟು. "ಒಂಬತ್ತು ದಿನದಲ್ಲಿ ಎಂತ ಆಗ್ತದೆ?" ಎಂದು ಪ್ಲೇಟನ್ನು ಬಚ್ಚಲುಮನೆಯ ಗೂಡಿನಲ್ಲಿ, ನೀರು ತುಂಬಿದ ಗಾಜಿನ ಗ್ಲಾಸಿಗೆ ಹಾಕಿಸಿದೆ. ಗುಲಾಬಿ ಬಣ್ಣದ ಅದು ನೀರಿನೊಳಗೆ ಯಾರದೋ ಅಂಗುಳದ ಹಾಗೆ ಕೂತಿತ್ತು. ಮೀಯುವಾಗ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ.

ಹತ್ತನೆಯ ಬೆಳಿಗ್ಗೆ ಶಾರದೆ ಓಡಿಬಂದಳು. "ಅಮ್ಮಾ, ಇದು ನನ್ನದಲ್ಲ. ಬಾಯಲ್ಲಿ ಕೂರುದೇ ಇಲ್ಲ."

"ಮತ್ತೆ ಯಾರದ್ದು, ನಿನ್ನ ಅಜ್ಜಿಯದ್ದಾ? ಹಲ್ಲು ತೋರ್ಸು ನೋಡುವ."

ಅವಳು ನಕ್ಕು ತೋರಿಸಿದಳು. ನಡುವೆ ನೂಲಿನಷ್ಟು ಕಪ್ಪು ಗೆರೆ. ಯಾರೂ ಮುಟ್ಟಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಅವಳ ತಲೆಯ ಹಿಂದೆ, ಗೋಡೆಯ ಫೋಟೋದಲ್ಲಿ, ಅತ್ತೆಯ ಹಲ್ಲಿನ ನಡುವೆಯೂ ಅದೇ ಗೆರೆ.

ಮರುದಿನವೇ ಮಂಗಳೂರು. ಡಾಕ್ಟರು ಬೈಯಲಿಲ್ಲ. "ಮಗು ಮರೆಯುದಿಲ್ಲ ಅಂತ ಪ್ಲೇಟು ಕೊಟ್ಟೆ ಅಮ್ಮ. ಮನೆಯಲ್ಲಿ ಮಡಿ ಉಂಟಾ ಅಂತ ಕೇಳ್ಲಿಲ್ಲ, ಅದು ನನ್ನ ತಪ್ಪು."

ಬರೇ ನೂಲಿನಷ್ಟು ಸಂದು, ಅದೇ ಪುಣ್ಯ. ಕೆಲವು ವಾರದಲ್ಲಿ ಮುಚ್ಚಿಸಿ, ಈ ಸಲ ಹಿಂದಿನಿಂದ ತಂತಿ ಕೂರಿಸಿದರು. "ಇದನ್ನು ಬಚ್ಚಲಲ್ಲಿ ಇಡ್ಲಿಕ್ಕೆ ಆಗುದಿಲ್ಲ, ಆಯ್ತಾ?"

ಈಗ ಆ ತಂತಿ ದಿನವೂ ಮಗಳ ಬಾಯಲ್ಲೇ ದೇವರ ಕೋಣೆಗೆ ಬರುತ್ತದೆ. ದೇವರು ಏನೂ ಅಂದಿಲ್ಲ, ಅದೊಂದು ಕೃಪೆ. ಶಾರದೆ ಕೈ ಅಡ್ಡ ಇಡದೆ ಭಜನೆ ಹೇಳುತ್ತಾಳೆ, ಅದು ಇನ್ನೊಂದು.

ಆದರೂ ಅವಳು ನಕ್ಕಾಗೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಫೋಟೋಗೆ.

ಆ ತಂತಿ ಹಿಡಿದಿಟ್ಟಿರುವುದು ಹಲ್ಲನ್ನೋ, ಅತ್ತೆಯನ್ನೋ?