ಅವ್ವನ ಹೊಟ್ಟೆ, ನನ್ನ ಹೊಟ್ಟೆ

ಹೈದರಾಬಾದಿನಲ್ಲಿ ನೋಡನೋಡುತ್ತಲೇ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಂಥದ್ದೊಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ನನಗೆ ಸಿಕ್ಕಿತ್ತು. ಹಿಮಾಯತ್‌ನಗರದ ನಮ್ಮ ಮನೆಯಿಂದ ಕಂಪನಿಯ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ. ಬಸ್ಸು ಹತ್ತಿದ ಹತ್ತೇ ನಿಮಿಷಕ್ಕೆ ಹೊಟ್ಟೆ ಹಿಂಡತೊಡಗುತ್ತಿತ್ತು. ಯಾವ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯವಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಒಮ್ಮೆ ಬ್ಯಾಂಕಿನಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿ ನಡುದಾರಿಯಲ್ಲೇ ಇಳಿದುಬಿಟ್ಟೆ. ಬೆಳಗಿನ ಏಳೂವರೆಗೆ ಯಾವ ಬ್ಯಾಂಕು ತೆರೆದಿರುತ್ತದೆ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಅಪ್ಪನಿಗೆ ವರಂಗಲ್ಲಿಗೆ ವರ್ಗವಾಗಿದ್ದರಿಂದ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅವ್ವನಿಗೆ ಥೈರಾಯ್ಡ್ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸಣ್ಣದೊಂದು ಗುಳಿಗೆ ನುಂಗುತ್ತಿದ್ದಳು. ಬಸ್ಸಿಗೆ ಹೆದರಿ ಅರ್ಧಂಬರ್ಧ ಉಂಡು ನಾನು ತೆಳ್ಳಗಾಗುತ್ತಿದ್ದುದನ್ನು ಕಂಡು, "ಆ ಕ್ಯಾಂಟೀನಿನ ಎಣ್ಣಿ ತಿಂದು ಹಿಂಗಾಗಾಕತ್ತೀದಿ" ಎಂದು ಗದರಿ, ತನ್ನ ಡಾಕ್ಟರ ಹತ್ತಿರ ಎಳೆದೊಯ್ದಳು. ಕಲಬುರ್ಗಿಯಲ್ಲಿ ಓದಿದ ವಯಸ್ಸಾದ ಹೆಣ್ಣುಮಗಳು ಅವರು. ನಮ್ಮೊಂದಿಗೆ ಕನ್ನಡವನ್ನೇ ಆಡುತ್ತಿದ್ದರು. ಅಲ್ಲಿಯವರೆಗೆ ಅವ್ವನಿಗೂ ಹೇಳದಿದ್ದ ನನ್ನ ಹೊಟ್ಟೆಯ ಕಾಟವನ್ನೆಲ್ಲ ಕೇಳಿದ ಮೇಲೆ, "ಮನ್ಯಾಗ ಮತ್ತ ಯಾರಿಗರ ಹಿಂಗ ಐತೇನ್ರಿ?" ಎಂದರು.

"ಇಲ್ರಿ," ಎಂದೆ ನಾನು.

"ಐತ್ರಿ," ಎಂದಳು ಅವ್ವ.

ನಾನು ಬೆರಗಾಗಿ ತಿರುಗಿ ನೋಡಿದೆ. "ಯಾರಿಗವ್ವ?"

"ನನಗ. ನೀ ಹುಟ್ಟೂಕಿಂತ ಮೊದಲಿಂದ."

ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದೆವು. ಮದುವೆಮನೆಗಳಲ್ಲಿ ಅವ್ವ ಊಟ ಮಾಡದೆ ಬರುವುದು ಅವಳ ಕಟ್ಟುನಿಟ್ಟು, ತವರೂರಾದ ಬೀದರಿಗೆ ಹೋಗದಿರುವುದು ಅವಳ ಬಿಗುಮಾನ ಎಂದೇ ನಾನು ತಿಳಿದಿದ್ದೆ. "ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ನೀ ನನಗ ಹೇಳಿದ್ಯೇನು?"

ಮೊದಲು ನಕ್ಕವರು ಡಾಕ್ಟರು. ಆಮೇಲೆ ನಮಗಿಬ್ಬರಿಗೂ ತಡೆಯಲಾಗಲಿಲ್ಲ.

ಅವರು ನನ್ನ ರಕ್ತಪರೀಕ್ಷೆಗೆ ಬರೆದುಕೊಟ್ಟು, ಬಳಗದಲ್ಲಿ ಯಾರಿಗೆ ಥೈರಾಯ್ಡ್, ಯಾರಿಗೆ ಹೊಟ್ಟೆಯ ಕಾಟ ಎಂದು ವಿಚಾರಿಸಿ ಬರಲು ಹೇಳಿದರು. ಅಂದು ಸಂಜೆಯೇ ಅವ್ವ ಬೀದರಿನ ಅಕ್ಕನಿಗೆ ಫೋನು ಹಚ್ಚಿ, ಯೋಗಕ್ಷೇಮವನ್ನೂ ಕೇಳದೆ, "ಅಕ್ಕಾ, ನಿನ್ನ ಹೊಟ್ಟಿ ಹೆಂಗೈತಿ?" ಎಂದಳು. ಆಮೇಲೆ ಮುಕ್ಕಾಲು ಗಂಟೆ ದೊಡ್ಡಮ್ಮನೇ ಮಾತಾಡಿದಳು. ಅವಳಿಗೆ ಎರಡೂ ಇದ್ದವು. ರಾಯಚೂರಿನ ಚಿಕ್ಕಮ್ಮನಿಗೆ ಫೋನು ಮಾಡಿದರೆ, "ನನಗ ಗಂಟಲಿಂದೇನಿಲ್ಲ, ಹೊಟ್ಟಿದು ಮಾತ್ರ ಕೇಳಬ್ಯಾಡ" ಎಂದಳು. ಅಜ್ಜಿಯ ಕೊರಳು ಸದಾ ಬಾತಿರುತ್ತಿತ್ತೆಂದೂ, ಅದನ್ನು ಮುಚ್ಚಲೆಂದೇ ಅಗಲವಾದ ಸರ ಹಾಕುತ್ತಿದ್ದಳೆಂದೂ ಅವಳೇ ನೆನಪಿಸಿದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡೆ.

ರಕ್ತದ ವರದಿ ಬಂತು. ನನ್ನ ಥೈರಾಯ್ಡ್ ಕೂಡ ಮಂದವಾಗಿತ್ತು. ಡಾಕ್ಟರು ನನ್ನ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೇಳಿದರು: "ಇವೆರಡೂ ಮನೆತನದಾಗ ಹರಿದು ಬರೂವಂಥವು. ಎರಡಕ್ಕೂ ಒಂದ ಬೇರು ಐತೇನೋ ಅಂತ ಹುಡುಕಾಕತ್ತಾರ, ಇನ್ನಾ ಪೂರಾ ಗೊತ್ತಾಗಿಲ್ಲ. ಗುಳಿಗಿಂದ ಥೈರಾಯ್ಡ್ ಹತೋಟಿಗೆ ಬರತೈತಿ. ಹೊಟ್ಟಿನೂ ಸುಮ್ಮನಾಗತೈತಿ ಅಂತ ನಾ ಹೇಳಂಗಿಲ್ಲ. ಅದಕ್ಕ ಬ್ಯಾರೆ ದಾರಿ ನೋಡೂಣು. ಆದ್ರ ಇದು ಯಾರ ತಪ್ಪೂ ಅಲ್ಲ."

"ಕ್ಯಾಂಟೀನಿಂದೂ ಅಲ್ಲೇನ್ರಿ?" ಎಂದು ಅವ್ವ ಕೇಳಿದಳು. ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

ಡಾಕ್ಟರು ಹೇಳಿದಂತೆ ತಿಂದದ್ದನ್ನೂ ಕಾಡಿದ್ದನ್ನೂ ದಿನವೂ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆವು. ನನಗೆ ಬೆಳಗಿನ ಹಾಲಿನ ಚಹಾ, ಅವ್ವನಿಗೆ ಹಸಿ ಉಳ್ಳಾಗಡ್ಡಿ ಆಗಿಬರುವುದಿಲ್ಲವೆಂದು ಮೆಲ್ಲಗೆ ತಿಳಿಯಿತು. ಹೊಟ್ಟೆ ಪೂರ್ತಿ ಸುಮ್ಮನಾಗಲಿಲ್ಲ, ಆದರೆ ವಾರದಲ್ಲಿ ನಾಲ್ಕೈದು ದಿನ ನೆಮ್ಮದಿ. ಅದಕ್ಕಿಂತ ದೊಡ್ಡ ನೆಮ್ಮದಿಯೆಂದರೆ ಮುಚ್ಚಿಡುವುದು ನಿಂತದ್ದು. "ಇವತ್ತು ಹೆಂಗೈತಿ?" ಎಂದು ಅವಳು ಅಡುಗೆಮನೆಯಿಂದ ಕೂಗುತ್ತಿದ್ದಳು, ನಾನೂ ಕೂಗಿಯೇ ಉತ್ತರಿಸುತ್ತಿದ್ದೆ.

ಆ ಚಳಿಗಾಲದಲ್ಲಿ ಅವ್ವ ಎಷ್ಟೋ ವರ್ಷಗಳ ಮೇಲೆ ಬೀದರಿನ ಬಸ್ಸು ಹತ್ತಿದಳು. ತಲುಪಿದ ಕೂಡಲೇ ಫೋನು ಮಾಡಿದಳು. "ದಾರ್ಯಾಗ ಡ್ರೈವರಗ ಹೇಳಿ ಎರಡು ಸಲ ಬಸ್ ನಿಂದರಿಸಿದೆ. ಯಾರೂ ಏನೂ ಅನ್ನಲಿಲ್ಲ. ಎರಡನೇ ಸಲ ನನ್ನ ಹಿಂದ ಇನ್ನಿಬ್ಬರು ಇಳಿದ್ರು!" ರಾಯಚೂರಿನಿಂದ ಚಿಕ್ಕಮ್ಮನೂ ಬಂದಳು. ಎಂಟು ದಿನಕ್ಕೆಂದು ಹೋದ ಅವ್ವ, ಅಕ್ಕತಂಗಿಯರ ಜೊತೆ ಮಾತು ಮುಗಿಯದೆ, ಇಪ್ಪತ್ತು ದಿನ ಅಲ್ಲೇ ಉಳಿದಳು.