ಎರಡು ಸುತ್ತು ಬಿಗಿ

ಬಾಳೂರಿನ ವಾಸಣ್ಣ ಹೊಳೆಯಲ್ಲಿ ಮೀನು ಹಿಡಿದದ್ದಕ್ಕಿಂತ ಮನೆಯ ಮುಂದಿನ ಸಿಲ್ವರ್ ಮರವನ್ನು ಹಿಡಿದದ್ದೇ ಹೆಚ್ಚು. ಆ ಮರದ ಕಾಂಡಕ್ಕೆ ಒಂದು ಸ್ಪ್ರಿಂಗ್ ತಕ್ಕಡಿ ಕಟ್ಟಿ, ಅದರ ಕೊಕ್ಕೆಗೆ ಗಾಳದ ದಾರದ ತುದಿ ಸಿಕ್ಕಿಸಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆಯುತ್ತಿದ್ದರು. ಕೋಲು ಬಾಗುತ್ತಿತ್ತು. ಹೆಂಡತಿ ಗಿರಿಜಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ತಕ್ಕಡಿಯ ಪಕ್ಕ ನಿಂತು ಮುಳ್ಳು ನೋಡಿ ಕೂಗಿ ಹೇಳುತ್ತಿದ್ದರು. "ಒಂದು. ಒಂದೂವರೆ. ಎರಡಾಯ್ತು ನೋಡಿ." ಅಷ್ಟು ಹೊತ್ತಿಗೆ ಸರಿಯಾಗಿ ರೀಲು ಕಿರ್ರೆಂದು ದಾರ ಬಿಟ್ಟುಕೊಟ್ಟರೆ ವಾಸಣ್ಣನ ಮುಖ ಸಡಿಲವಾಗುತ್ತಿತ್ತು. ಇಲ್ಲದಿದ್ದರೆ ರೀಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮರದ ಬುಡದಿಂದ ಶುರು. ರಸ್ತೆಯಲ್ಲಿ ಹೋಗುವ ಜೀಪಿನವರು "ಏನ್ ವಾಸಣ್ಣ, ಮರ ಸಿಕ್ತಾ?" ಎಂದು ಕೇಳದೆ ಹೋಗುತ್ತಿರಲಿಲ್ಲ. "ಸಿಕ್ಕಿದೆ ಮಾರಾಯ, ಮೇಲೆ ಬರ್ತಾ ಇಲ್ಲ" ಎನ್ನುತ್ತಿದ್ದರು ಇವರು, ನಗದೆ.

ಅವರು ಮಾಡುತ್ತಿದ್ದದ್ದು ಡ್ರ್ಯಾಗ್ ಹೊಂದಿಸುವ ಕೆಲಸ. ರೀಲಿನ ಒಳಗೆ ಬಿಲ್ಲೆಯ ಮೇಲೆ ಬಿಲ್ಲೆ ಕೂತು ಬ್ರೇಕಿನ ಹಾಗೆ ಒತ್ತಿಕೊಂಡಿರುತ್ತವೆ. ತಿರುಪು ಬಿಗಿ ಮಾಡಿದರೆ ದಾರ ಸುಲಭಕ್ಕೆ ಹೊರಗೆ ಹೋಗದು. ಸಡಿಲ ಮಾಡಿದರೆ ಮೀನು ಎಳೆದಷ್ಟೂ ಹೋಗುತ್ತದೆ. ಎಂಟು ಕೇಜಿಗೆ ಹರಿಯುವ ದಾರವಾದರೆ ಎರಡು ಕೇಜಿ ಎಳೆತಕ್ಕೇ ರೀಲು ಬಿಟ್ಟುಕೊಡಬೇಕು. ಅದು ವಾಸಣ್ಣನ ಕಟ್ಟಳೆ. "ಉಳಿದ ಆರು ಕೇಜಿ ಯಾರಿಗೆ?" ಎಂದು ನಾನು ಮೊದಲ ಸಲ ಕೇಳಿದಾಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಒಂದಷ್ಟು ಗಂಟಿಗೆ, ಒಂದಷ್ಟು ಬಂಡೆಗೆ, ಉಳಿದಿದ್ದು ನಮ್ಮ ಸಿಟ್ಟಿಗೆ. ಮೂರೂ ತಿನ್ನುತ್ತೆ ಮಾರಾಯ್ರೆ ದಾರಾನ."

ಅವರು ಕುದುರೆಮುಖದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಣಿ ನಿಂತಾಗ ಬಾಳೂರಿಗೆ ಬಂದು, ಅಪ್ಪನ ಕಾಲದ ಮೂರು ಎಕರೆ ಕಾಫಿ ನೋಡಿಕೊಂಡು, ಸುತ್ತಲಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಪಂಪು, ಸ್ಪ್ರೇಯರುಗಳನ್ನು ರಿಪೇರಿ ಮಾಡುತ್ತಿದ್ದರು. ರೀಲಿನ ಹುಚ್ಚು ಹತ್ತಿದ್ದು ಗಣಿಯಲ್ಲೇ. ವರ್ಗವಾಗಿ ಹೋದ ಇಂಜಿನಿಯರೊಬ್ಬರು ಕೆಟ್ಟುಹೋಗಿದೆಯೆಂದು ಬಿಟ್ಟುಹೋದ ರೀಲನ್ನು ಬಿಚ್ಚಿ, ಸವೆದ ಬಿಲ್ಲೆಗಳ ಬದಲಿಗೆ ಹಳೆಯ ಫೆಲ್ಟ್ ಟೋಪಿಯೊಂದನ್ನು ಕತ್ತರಿಸಿ ಹೊಸ ಬಿಲ್ಲೆ ಮಾಡಿ ಕೂರಿಸಿದ್ದರಂತೆ.

ನನಗೆ ಅವರ ಪರಿಚಯವಾದದ್ದು ನಮ್ಮ ಅಂಗಡಿಯಲ್ಲಿ. ಕಳಸದ ಪೇಟೆಯಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಹಗ್ಗದ ಜೊತೆಗೆ ಗಾಳ, ನೈಲಾನ್ ದಾರ, ಅಗ್ಗದ ರೀಲುಗಳನ್ನೂ ಮಾರುತ್ತಿದ್ದೆವು. ನಾವು ಲಿಂಗ ಕಟ್ಟಿದವರು, ಮನೆಯಲ್ಲಿ ಮೀನು ಎಂಬ ಶಬ್ದ ಕೂಡ ಊಟದ ಹೊತ್ತಿಗೆ ಆಡುವಂತಿರಲಿಲ್ಲ. ಗಾಳ ಮಾರುವುದು ವ್ಯಾಪಾರ, ಅಷ್ಟೆ. ಒಂದು ದಿನ ವಾಸಣ್ಣ ಗ್ರೀಸು ಕೊಳ್ಳಲು ಬಂದವರು ಗಾಜಿನ ಪೆಟ್ಟಿಗೆಯಲ್ಲಿದ್ದ ರೀಲುಗಳನ್ನು ನೋಡಿ, "ಇವನ್ನ ಹೀಗೇ ಮಾರಬೇಡಿ, ಪಾಪ ಬರುತ್ತೆ" ಎಂದರು. ಅಪ್ಪಯ್ಯ ಅದನ್ನು ಧರ್ಮದ ಮಾತೆಂದು ತಿಳಿದು ತಲೆಯಾಡಿಸಿದರು. ವಾಸಣ್ಣ ಹೇಳಿದ್ದು ತಿರುಪಿನ ಮಾತು. ಎಲ್ಲವನ್ನೂ ಡಬ್ಬಿಯಿಂದ ತೆಗೆಸಿ, ಕೌಂಟರಿನ ಮೇಲೆ ಸಾಲಾಗಿಟ್ಟು, ಒಂದೊಂದರ ಡ್ರ್ಯಾಗನ್ನೂ ಪೂರಾ ಸಡಿಲ ಮಾಡಿದರು. "ಕೆಲಸ ಇಲ್ಲದಾಗ ಬಿಗಿ ಇರಬಾರದು. ಒಳಗಿನ ಬಿಲ್ಲೆ ಹಾಗೇ ಕಚ್ಚಿಕೊಂಡುಬಿಡುತ್ತೆ. ಆಮೇಲೆ ಮೀನು ಎಳೆದಾಗ ಸಲೀಸಾಗಿ ಬಿಡದೆ ತಡೆದು ತಡೆದು ಬಿಡುತ್ತೆ." ನನಗೆ ಆಗ ಮೂವತ್ತೆರಡು. ತೂಗುವುದು, ಬಿಲ್ಲು ಬರೆಯುವುದು ಬಿಟ್ಟರೆ ಬೇರೇನೂ ತಿಳಿಯದೆ ಆ ವಯಸ್ಸಿಗೆ ಬಂದಿದ್ದ ನನಗೆ, ಇಷ್ಟು ಸಣ್ಣ ಸಂಗತಿಗೆ ಇಷ್ಟು ಮರ್ಯಾದೆ ಕೊಡುವ ಮನುಷ್ಯ ಇದ್ದಾನೆಂಬುದೇ ಆಶ್ಚರ್ಯವಾಗಿ ಕಂಡಿತು.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ, ವಸೂಲಿಗೆಂದು ಮನೆಯಲ್ಲಿ ಸುಳ್ಳು ಹೇಳಿ, ನಾನು ಅವರ ಜೊತೆ ಹೊಳೆಗೆ ಹೋಗತೊಡಗಿದೆ. ಹಿಡಿದ ಮೀನನ್ನು ನಾನು ತಿನ್ನುತ್ತಿರಲಿಲ್ಲ. ಗಿರಿಜಕ್ಕನ ಅಡುಗೆಮನೆಗೆ ಕೊಟ್ಟು, ಸೋಪು ಹಾಕಿ ಮೂರು ಸಲ ಕೈ ತೊಳೆದು ಮನೆಗೆ ಹೋಗುತ್ತಿದ್ದೆ. "ಗಂಧ ಹಚ್ಕೊಂಡು ಹೋಗಿ ಶಿವಣ್ಣ" ಎಂದು ಗಿರಿಜಕ್ಕ ರೇಗಿಸುತ್ತಿದ್ದರು.

ವಾಸಣ್ಣ ಎಲ್ಲರಿಗೂ ಒಂದೇ ನ್ಯಾಯ ಇಟ್ಟವರು. ಮೂಡಿಗೆರೆ ಕಡೆಯ ದೊಡ್ಡ ಪ್ಲಾಂಟರೊಬ್ಬರು ಒಮ್ಮೆ ಹೊರದೇಶದ ರೀಲು ತಂದು, ಡ್ರ್ಯಾಗ್ ಇನ್ನೂ ಬಿಗಿ ಬೇಕೆಂದರು. ವಾಸಣ್ಣ ಮರಕ್ಕೆ ಕಟ್ಟಿ ತೋರಿಸಿ, ಇದಕ್ಕಿಂತ ಬಿಗಿ ಆಗದು ಎಂದರು. ಪ್ಲಾಂಟರು ಬಿಡಲಿಲ್ಲ. "ನಾನು ಹೇಳ್ದಷ್ಟು ಮಾಡು ಮಾರಾಯ. ರೀಲು ನಂದು." ವಾಸಣ್ಣ ರೀಲನ್ನು ಬಟ್ಟೆಯಲ್ಲಿ ಒರೆಸಿ ಅವರ ಕೈಗಿಟ್ಟರು. "ರೀಲು ನಿಮ್ದೇ ಧಣಿ. ತಿರುಪು ನೀವೇ ತಿರುಗಿಸ್ಕೊಳಿ. ನನ್ನ ಕೈ ಆ ಕೆಲಸಕ್ಕೆ ಬರಲ್ಲ." ಪ್ಲಾಂಟರ ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಹದಿನೈದು ದಿನಕ್ಕೆ ಅವರ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮುರಿದ ಕೋಲು ಹಿಡಿದು ಬಂದಾಗ ವಾಸಣ್ಣ ಒಂದು ಮಾತೂ ಆಡದೆ ಕೋಲನ್ನು ಜೋಡಿಸಿ ದಾರ ಸುತ್ತಿ ಕಳಿಸಿದರು. ಆದರೆ ನನಗೆ ಗೊತ್ತಿತ್ತು, ಆ ಸಂಜೆ ಅವರ ನಡಿಗೆಯೇ ಬೇರೆ ಇತ್ತು. ಊರಲ್ಲಿ ಅವರಿಗೆ ಇದ್ದ ಹೆಸರು ಅದೊಂದೇ. ವಾಸಣ್ಣನ ಕೈಯಲ್ಲಿ ಹೊಂದಿಸಿದ ರೀಲು ಮೋಸ ಮಾಡುವುದಿಲ್ಲ.

ಆ ಹೆಸರನ್ನು ಹಾಳು ಮಾಡಿದವನು ನಾನು.

ಮಳೆ ನಿಂತು ಭದ್ರೆ ತಿಳಿಯಾಗುತ್ತಿದ್ದ ಕಾಲ. ಹಿಂದಿನ ವಾರ ನನ್ನ ಗಾಳಕ್ಕೆ ದೊಡ್ಡದೊಂದು ಮೀನು ಬಿದ್ದು, ದಾರವನ್ನೆಲ್ಲ ಎಳೆದುಕೊಂಡು ಹೋಗಿ, ಬಂಡೆ ಸಂದಿಗೆ ನುಗ್ಗಿ ತಪ್ಪಿಸಿಕೊಂಡಿತ್ತು. ಡ್ರ್ಯಾಗ್ ಸಡಿಲವಾದದ್ದೇ ಕಾರಣವೆಂದು ನನಗೆ ಇಡೀ ವಾರ ಕೊರೆಯುತ್ತಿತ್ತು. "ಮೀನು ಓಡೋವಾಗ ಓಡಲಿ. ದಾರ ಹೊರಗೆ ಹೋದಷ್ಟೂ ಬಿಗಿ ತಾನಾಗೇ ಹೆಚ್ಚುತ್ತೆ, ನೀವು ತಿರುಪಿಗೆ ಕೈ ಹಾಕ್ಬೇಡಿ" ಎಂದು ವಾಸಣ್ಣ ಹತ್ತು ಸಲ ಹೇಳಿದ್ದರು. ಆ ಭಾನುವಾರ ಅವರು ಎರೆಹುಳ ಅಗೆಯಲು ದಡದ ಮೇಲೆ ಹೋದಾಗ ನಾನು ತಿರುಪನ್ನು ಎರಡು ಸುತ್ತು ಬಿಗಿ ಮಾಡಿದೆ.

ಸ್ವಲ್ಪ ಹೊತ್ತಿಗೆ ಗಾಳ ಏನನ್ನೋ ಹಿಡಿಯಿತು. ಮೀನು ಒಮ್ಮೆ ಜಗ್ಗಿ ಬಂಡೆಯ ಅಡಿಗೆ ಹೋಯಿತು, ಆಮೇಲೆ ಅಲುಗಾಡಲಿಲ್ಲ. ನಾನು ಎಳೆದೆ. ದಾರ ವೀಣೆಯ ತಂತಿಯ ಹಾಗೆ ನಿಂತಿತು, ರೀಲು ಒಂದಿಂಚೂ ಬಿಡಲಿಲ್ಲ. ನನಗೆ ಹಟ ಬಂತು. ಹಿಂದಕ್ಕೆ ವಾಲಿ ಮೈಭಾರವನ್ನೆಲ್ಲ ಹಾಕಿದೆ. ವಾಸಣ್ಣ ಮೇಲಿನಿಂದ ಕೋಲಿನ ಬಾಗು ನೋಡಿದವರೇ ಓಡಿ ಬಂದರು. "ಬಿಡಿ, ಬಿಡಿ, ಬಿಗಿಯಾಗಿದೆ" ಎನ್ನುತ್ತ ನನ್ನ ಎಡಕ್ಕೆ ಬಂದು, ರೀಲಿನ ತಿರುಪಿಗೆ ಕೈ ಚಾಚಿ ಬಗ್ಗಿದರು. ಅದೇ ಕ್ಷಣ ನೀರಿನೊಳಗೆ ಗಾಳ ಕಳಚಿತು. ರಬ್ಬರಿನಂತೆ ಎಳೆದುಕೊಂಡಿದ್ದ ದಾರ ವಾಪಸು ಚಿಮ್ಮಿತು. ಅದರಲ್ಲಿದ್ದ ಸೀಸದ ಗುಂಡು ಬಂದು ಅವರ ಎಡಗಣ್ಣಿಗೆ ಬಡಿಯಿತು.

ಅವರು ಕಲ್ಲಿನ ಮೇಲೆ ಕೂತು ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ನಾನು ನನ್ನ ಟವೆಲು ಕಟ್ಟಿದೆ. ಅವರು ಇನ್ನೊಂದು ಕೈಯಿಂದ ತಡಕಾಡಿ ರೀಲನ್ನು ಹಿಡಿದು, ತಿರುಪನ್ನು ಮುಟ್ಟಿ ನೋಡಿದರು.

"ಎಷ್ಟು ಸುತ್ತು?"

"ಎರಡು."

"ಹ್ಞೂಂ" ಎಂದರು. ಕೆಟ್ಟ ಪಂಪಿನ ವಿಷಯ ಕೇಳಿದ ಹಾಗೆ.

ಕಳಸದಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ ಡಾಕ್ಟರು ತಡಮಾಡದೆ ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ನಮ್ಮ ಅಂಗಡಿಯ ಜೀಪನ್ನು ನಾನೇ ಓಡಿಸಿದೆ. ಕುದುರೆಮುಖದ ಹತ್ತಿರ ಬಂದಾಗ ವಾಸಣ್ಣ ತಿರುವುಗಳಿಂದಲೇ ಜಾಗ ಗುರುತು ಹಿಡಿದರು. "ಎಡಗಡೆ ನಮ್ಮ ಕ್ವಾರ್ಟರ್ಸ್ ಬಂತಾ?" ಬಂದಿದೆ ಎಂದೆ. ಬಾಗಿಲಿಲ್ಲದ ಮನೆಗಳ ಸಾಲು, ಒಳಗೆಲ್ಲ ಲಂಟಾನ ಬೆಳೆದಿತ್ತು. ಅದನ್ನು ಹೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವರು ಎಂದೂ ಇಲ್ಲದ ಹಾಗೆ ನನ್ನನ್ನು ಏಕವಚನದಲ್ಲಿ ಮಾತಾಡಿಸಿದರು.

"ನೋಡು ಮಾರಾಯ. ನೀನು ಹೊಳೇಲಿ ಇರ್ಲಿಲ್ಲ. ಕೋಲು ನನ್ನ ಕೈಲಿತ್ತು, ಡ್ರ್ಯಾಗ್ ನಾನೇ ತಪ್ಪು ಹಾಕಿದ್ದೆ. ನೀನು ಸೇತುವೆ ಹತ್ರ ನನ್ನ ನೋಡಿ ಜೀಪು ಹತ್ತಿಸ್ಕೊಂಡೆ. ನಿಮ್ಮಪ್ಪಂಗೆ ಎಂತಕ್ಕೆ ಈ ವಯಸ್ಸಲ್ಲಿ ಇದೆಲ್ಲ."

ನಾನು ಬೇಡ ಎನ್ನಬೇಕಿತ್ತು. "ಆಯ್ತು" ಎಂದೆ. ಎಷ್ಟು ಬೇಗ ಎಂದೆ ಎಂಬುದು ನನಗೆ ಈಗಲೂ ನೆನಪಿದೆ.

ಎಡಗಣ್ಣು ಉಳಿಯಲಿಲ್ಲ. ಒಂದೇ ಕಣ್ಣಿನಲ್ಲಿ ದೂರ ಹತ್ತಿರದ ಅಂದಾಜು ಸಿಕ್ಕುವುದಿಲ್ಲವಂತೆ. ವಾಸಣ್ಣ ಸ್ಪ್ಯಾನರು ಹಿಡಿದರೆ ನಟ್ಟಿನ ಪಕ್ಕಕ್ಕೆ ಹೋಗುತ್ತಿತ್ತು, ಸುತ್ತಿಗೆ ಬೆರಳಿಗೆ ಬೀಳುತ್ತಿತ್ತು. ಎಸ್ಟೇಟಿನವರು ಮೂಡಿಗೆರೆಯಿಂದ ಬೇರೆ ಮೆಕ್ಯಾನಿಕ್ಕನ್ನು ಕರೆಸತೊಡಗಿದರು. ರೀಲುಗಳು ಬರುವುದಂತೂ ಮೊದಲೇ ನಿಂತಿತ್ತು. ಆ ಪ್ಲಾಂಟರ ರೈಟರು ಒಂದು ದಿನ ನಮ್ಮ ಅಂಗಡಿಯಲ್ಲೇ ನಿಂತು ನಕ್ಕರು. "ನಮ್ ಧಣಿಗೆ ಪಾಠ ಹೇಳೋಕೆ ಬಂದಿದ್ದ ಆಸಾಮಿ. ತನ್ನ ಡ್ರ್ಯಾಗೇ ಸರಿ ಹಾಕ್ಕೊಳಕ್ಕೆ ಬರ್ಲಿಲ್ಲ." ಅಪ್ಪಯ್ಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ಜೀವ ಹಿಂಸೆ. ಬಿಡುತ್ತಾ?" ಎಂದರು. ನಾನು ಮೊಳೆ ತೂಗುತ್ತಿದ್ದೆ. ಮುಳ್ಳು ಸರಿಯಾಗಿ ನಿಂತಿದ್ದರೂ ಇನ್ನೆರಡು ಮೊಳೆ ಹಾಕಿ, ತೆಗೆದು, ಮತ್ತೆ ಹಾಕಿದೆ. ತಲೆ ಎತ್ತಲಿಲ್ಲ.

ಮೊದಮೊದಲು ಬಾಳೂರಿಗೆ ಹೋಗಿ ಬರುತ್ತಿದ್ದೆ. ಹಣ್ಣು ಒಯ್ಯುತ್ತಿದ್ದೆ, ಔಷಧಿ ಒಯ್ಯುತ್ತಿದ್ದೆ. ಗಿರಿಜಕ್ಕ "ನಿಮ್ಮಿಂದ ಜೀವ ಉಳೀತು ಶಿವಣ್ಣ, ದೇವರ ಹಾಗೆ ಸೇತುವೆ ಹತ್ರ ಸಿಕ್ರಿ" ಎನ್ನುತ್ತ ಕಾಫಿ ಕೊಡುವಾಗ ಲೋಟ ಹಿಡಿಯಲು ಕೈ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಹೋಗುವುದು ಹಬ್ಬಕ್ಕೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು. ಹೀಗೆ ಆರು ವರ್ಷ.

ಅಪ್ಪಯ್ಯ ತೀರಿಕೊಂಡ ವರ್ಷ ನಾನು ಬಾಳೂರಿಗೆ ಹೋದೆ. ಯಾರ ಹೆದರಿಕೆಯ ನೆಪ ಹೇಳುತ್ತಿದ್ದೆನೋ ಅವರೇ ಇಲ್ಲವಾದ ಮೇಲೆ ಧೈರ್ಯ ಬಂದಿತ್ತು. ವಾಸಣ್ಣ ಜಗಲಿಯಲ್ಲಿ ಕೂತು ಸ್ಪ್ರೇಯರಿನ ನಳಿಕೆಯನ್ನು ಬೆರಳಿನಿಂದಲೇ ಮುಟ್ಟಿ ಮುಟ್ಟಿ ಜೋಡಿಸುತ್ತಿದ್ದರು. ಗಿರಿಜಕ್ಕ ಮನೆಯಲ್ಲಿರಲಿಲ್ಲ, ಕಾಫಿ ಕುಯ್ಯಲು ತೋಟಕ್ಕೆ ಹೋಗಿದ್ದರು.

"ಅವತ್ತಿಂದು ನಾನೇ ಮಾಡಿದ್ದು ಅಂತ ಎಲ್ಲರ ಹತ್ರ ಹೇಳ್ಬಿಡ್ತೀನಿ ವಾಸಣ್ಣ."

"ಈಗ ಎಂತಕ್ಕೆ?"

"ಮನಸ್ಸಿಗೆ ಸಮಾಧಾನ ಇಲ್ಲ."

"ನಿಮ್ಮ ಮನಸ್ಸಿಗೆ" ಎಂದರು. ನಳಿಕೆಯನ್ನು ಊದಿ, ಪಕ್ಕಕ್ಕಿಟ್ಟರು. "ನಿಮ್ಮಿಂದ ಕಣ್ಣು ಹೋಯ್ತು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಅಂದ್ರೆ ಸುಳ್ಳಾಗುತ್ತೆ. ಅಂದ್ಕೊಂಡಿದೀನಿ. ಗಡ್ಡ ಕೆರ್ಕೊಳ್ಳೋವಾಗ ದಿನಾ ಅಂದ್ಕೊಳ್ತೀನಿ. ಅದು ಹೋಗ್ಲಿ. ಕಳಸಕ್ಕೆ ಬಂದಾಗೆಲ್ಲ ನಿಮ್ಮ ಅಂಗಡಿ ಮುಂದೆ ಬೇಕಂತ್ಲೇ ನಿಧಾನಕ್ಕೆ ಹೋಗ್ತಿದ್ದೆ. ನೀವು ತಲೆ ಎತ್ತಿ ನೋಡ್ತಿರ್ಲಿಲ್ಲ. ಒಂದು ಸಲ ಒಳಗೇ ಹೋಗ್ಬಿಟ್ರಿ."

ನನಗೆ ಅದು ನೆನಪಿತ್ತು. ಅವರಿಗೆ ಕಂಡಿರಲಾರದೆಂದು ತಿಳಿದಿದ್ದೆ.

"ಭಾನುವಾರ ಬರ್ಲಾ?" ಎಂದು ಕೇಳಿದೆ.

"ಬನ್ನಿ. ಮನೆ ಎಲ್ಲಿಗೆ ಹೋಗುತ್ತೆ."

ಎರಡು ಭಾನುವಾರ ಹೋದೆ. ಹೊಳೆಯ ಮಾತು ಇಬ್ಬರೂ ಎತ್ತಲಿಲ್ಲ. ಕಾಳುಮೆಣಸಿನ ಬಳ್ಳಿಗೆ ಬಂದ ರೋಗ, ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟ್ ಕಾಫಿ ಒಣಗಲು ಬಿಡದ ಮೋಡ, ಇಂಥದೇ ಮಾತು. ಎರಡನೆಯ ಸಲ ಹೊರಡುವಾಗ ಅವರು ಜೀಪಿನ ತನಕ ಬಂದು, ಕ್ಲಚ್ ಸದ್ದು ಕೇಳಿ, "ಇದನ್ನ ತೋರಿಸಿ ಯಾರಿಗಾದ್ರೂ" ಎಂದರು. ಯಾರಿಗಾದರೂ ಎಂದರು, ತಮಗೆ ತೋರಿಸಿ ಎನ್ನಲಿಲ್ಲ. ಮೂರನೆಯ ಭಾನುವಾರ ಬರುವ ಮೊದಲೇ, ಒಂದು ಬೆಳಿಗ್ಗೆ ಕಣದಲ್ಲಿ ಕಾಫಿ ಹರಡುತ್ತಿದ್ದ ವಾಸಣ್ಣ ಎದೆ ಹಿಡಿದು ಕೂತರಂತೆ. ಜೀಪು ಬರುವಷ್ಟರಲ್ಲಿ ಜೀವ ಹೋಗಿತ್ತು.

ಹನ್ನೊಂದನೆಯ ದಿನ ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಗಿರಿಜಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಹೊಳೆ, ತಿರುಪು, ಎರಡು ಸುತ್ತು, ಘಟ್ಟದ ದಾರಿಯಲ್ಲಿ ಅವರು ಹೇಳಿಕೊಟ್ಟ ಸುಳ್ಳು, ನಾನು ಒಪ್ಪಿದ್ದು. ಬೈಯಲಿ, ಹೊರಗೆ ಹಾಕಲಿ ಎಂದೇ ಬಂದಿದ್ದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ನೆಲಕ್ಕಿಟ್ಟರು. ನನ್ನ ಮುಖವನ್ನು ನೋಡಲಿಲ್ಲ, ಅಂಗಳವನ್ನು ನೋಡುತ್ತಿದ್ದರು.

"ಆರು ವರ್ಷ ಬೈದೆ ನಾನು ಅವರಿಗೆ" ಎಂದರು. "ಕಾಫಿ ಲೋಟ ತಪ್ಪಿ ಬಿದ್ರೆ ಬೈದೆ, ಕೆಲಸ ತಪ್ಪಿದಾಗ ಬೈದೆ. ಊರಿಗೆಲ್ಲ ಬುದ್ಧಿ ಹೇಳೋರು ನೀವೇ ತಪ್ಪು ಹಾಕ್ಕೊಂಡ್ರಲ್ಲ ಅಂತ. ಅವತ್ತು ಬೆಳಿಗ್ಗೇನೂ ಅದೇ ಮಾತು ಅಂದು ಕಣಕ್ಕೆ ಕಳ್ಸಿದ್ದೆ."

ಮೊರದಿಂದಾಚೆ ಚೆಲ್ಲಿದ್ದ ಅಕ್ಕಿಕಾಳನ್ನು ಹೆಕ್ಕಿ ಒಳಗೆ ಹಾಕಿದರು.

"ಇದನ್ನ ಹೇಳೋಕೆ ಹನ್ನೊಂದು ದಿನ ಮೊದ್ಲು ಬರೋಕಾಗ್ಲಿಲ್ವಾ ಶಿವಣ್ಣ?"

ಅವರು ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ತಿರುಗಿ ಬರಲೂ ಇಲ್ಲ. ನಾನು ಜಗಲಿಯಲ್ಲಿ ಸ್ವಲ್ಪ ಹೊತ್ತು ಕಾದೆ. ಆಮೇಲೆ ಚಪ್ಪಲಿ ಹುಡುಕಿಕೊಂಡು ರಸ್ತೆಗೆ ಇಳಿದೆ.